ಸಾನೆ ಗುರೂಜಿಯವರೂ ಪುಸ್ತಕದ ಒಡೆತನವೂ

ಪಾಣಿಪತ್ತಿನ ರಣರಂಗದಲ್ಲಿ ಮಡಿದ ಸದಾಶಿವರಾವ ಭಾವೂ ಅವರ ಹೆಸರನ್ನು ಹೊತ್ತಿರುವ ಸದಾಶಿವ ಪೇಠವು ನಮ್ಮ ಪುಣೆ ನಗರದ ಹಳೆಯ ವಿದ್ಯಾನೆಲೆಗಳಲ್ಲಿ ಒಂದು. ಇಲ್ಲಿಯ ಓಣಿಗಳಲ್ಲಿ ನಡೆದು ಹೋಗುವವರಿಗೆ ಶಾಲೆಗಳೂ ವಿದ್ಯಾರ್ಥಿನಿಲಯಗಳೂ ಮುದ್ರಣಾಲಯಗಳೂ ಪುಸ್ತಕದ ಅಂಗಡಿಗಳೂ ಕಾಣಸಿಗುತ್ತವೆ. 1910ರಲ್ಲಿ ಸ್ಥಾಪನೆಗೊಂಡ ಭಾರತ ಇತಿಹಾಸ ಸಂಶೋಧಕ ಮಂಡಳವು ಇದೇ ಪೇಠದಲ್ಲಿದೆ. ಅದಕ್ಕಿಂತ ಒಂದು ವರ್ಷ ಮೊದಲು, ಬಡ ವಿದ್ಯಾರ್ಥಿಗಳಿಗೆ ಆಶ್ರಯವನ್ನೂ ವಿದ್ಯೆಯನ್ನೂ ಒದಗಿಸುವುದಕ್ಕಾಗಿ ಹುಟ್ಟಿದ ಅನಾಥ ವಿದ್ಯಾರ್ಥಿ ಗೃಹವು ಇಂದು ಪುಣೆ ವಿದ್ಯಾರ್ಥಿ ಗೃಹವೆಂಬ ಹೆಸರಿನಿಂದ ಇಲ್ಲಿಯೇ ನೆಲೆಸಿದೆ. ಮರಾಠಿ ಬಲ್ಲ ಮನೆಗಳಲ್ಲೆಲ್ಲ ಪ್ರೀತಿಯಿಂದ ಓದಲ್ಪಡುವ ಒಂದು ಪುಸ್ತಕವು ಬಹುಕಾಲ ಈ ಗೃಹದಿಂದಲೇ ಹೊರಬರುತ್ತಿದ್ದಿತು. ಅದು ಪೂಜ್ಯ ಸಾನೆ ಗುರೂಜಿಯವರ ‘ಶ್ಯಾಮಚೀ ಆಯೀ’. ಎಂದರೆ ಶ್ಯಾಮನ ತಾಯಿ.

ವಿದ್ಯಾರ್ಥಿ ಮಿತ್ರರೇ, ಪುಸ್ತಕವನ್ನು ಕೈಗೆತ್ತಿಕೊಂಡಾಗ ನಾವು ಕಥೆಯನ್ನು ಓದುವ ಆತುರದಲ್ಲಿ ಒಂದು ಪುಟವನ್ನು ತಪ್ಪದೆ ಮಗುಚಿ ಹಾಕುತ್ತೇವೆ. ಅದು ಮುಖಪುಟದ ಹಿಂಬದಿಯ ಪುಟ. ಪುಸ್ತಕವನ್ನು ಮೊದಲು ಯಾವಾಗ ಅಚ್ಚು ಹಾಕಿದರು, ಯಾರು ಹಾಕಿದರು, ಅದರ ಹಕ್ಕು ಯಾರಿಗೆ ಸೇರಿದ್ದು ಎಂಬ ಸಂಗತಿಗಳು ಅಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತವೆ. 2011ರಿಂದೀಚೆಗೆ ‘ಶ್ಯಾಮಚೀ ಆಯೀ’ಯನ್ನು ಬೇರೆ ಬೇರೆ ಪ್ರಕಾಶಕರು ತಮ್ಮ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿ ಮಾರುತ್ತಿದ್ದಾರೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. 2010ರ ಕೊನೆಯ ದಿನದವರೆಗೆ ಹಾಗೆ ಮಾಡುವಂತಿರಲಿಲ್ಲ. ಒಂದೇ ರಾತ್ರಿ ಕಳೆಯುವಷ್ಟರಲ್ಲಿ ಆ ಪುಸ್ತಕವು ಎಲ್ಲರ ಸೊತ್ತಾದದ್ದು ಹೇಗೆ? ಇದನ್ನು ತಿಳಿಯಬೇಕಾದರೆ ಗುರೂಜಿಯವರ ಜೀವನವನ್ನೂ, ಪುಸ್ತಕಗಳ ವಿಷಯದಲ್ಲಿ ಜಗತ್ತಿನ ರಾಷ್ಟ್ರಗಳು ತಮ್ಮೊಳಗೆ ಮಾಡಿಕೊಂಡಿರುವ ಒಡಂಬಡಿಕೆಗಳನ್ನೂ ಜೊತೆಜೊತೆಯಾಗಿ ನೋಡಬೇಕು.

ಪಾಂಡುರಂಗ ಸದಾಶಿವ ಸಾನೆಯವರು 1899ನೆಯ ಇಸವಿ ಡಿಸೆಂಬರ್ 24ರಂದು ಕೊಂಕಣದ ರತ್ನಾಗಿರಿ ಜಿಲ್ಲೆಯ ಪಾಲಗಡದಲ್ಲಿ ಹುಟ್ಟಿದರು. ತಂದೆ ಸದಾಶಿವರಾಯರು, ತಾಯಿ ಯಶೋದಾಬಾಯಿ. ಒಂದು ಕಾಲಕ್ಕೆ ಅನುಕೂಲಸ್ಥವಾಗಿದ್ದ ಮನೆತನವು ಗುರೂಜಿಯವರ ಬಾಲ್ಯದಲ್ಲಿಯೇ ಬಡತನಕ್ಕೆ ಇಳಿಯಿತು. ಮನೆಯಲ್ಲಿ ಹಣವು ಇಲ್ಲವಾದರೂ ತಾಯಿಯ ವಾತ್ಸಲ್ಯಕ್ಕೂ ಅವಳು ಕಲಿಸಿದ ನಡತೆಗೂ ಕೊರತೆಯಿರಲಿಲ್ಲ. ಮಗನ ಪಾದಕ್ಕೆ ಮಣ್ಣು ತಗುಲದಂತೆ ತನ್ನ ಸೆರಗನ್ನು ಹಾಸಿದ ತಾಯಿಯೇ, ಮನಸ್ಸಿಗೂ ಕೊಳೆ ತಗುಲದಂತೆ ನೋಡಿಕೊಳ್ಳಬೇಕೆಂದು ಅವನಿಗೆ ತಿಳಿಯ ಹೇಳಿದಳು. ಮೊಗ್ಗುಗಳನ್ನು ಅರಳುವ ಮೊದಲೇ ಕಿತ್ತು ತಂದ ಮಗನಿಗೆ, ಹೂವು ಗಿಡದ ಮೇಲೆಯೇ ಅರಳಬೇಕೆಂಬುದನ್ನೂ ಅವಳೇ ಕಲಿಸಿದಳು. ಈ ಮೊಗ್ಗಿನ ಮಾತನ್ನು ನಮ್ಮ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ವಿದ್ಯಾಭ್ಯಾಸಕ್ಕಾಗಿ ಗುರೂಜಿಯವರು ಪಟ್ಟ ಪಾಡು ಸಾಮಾನ್ಯವಾದುದಲ್ಲ. ಪುಣೆಯಲ್ಲಿ ಸೋದರಮಾವನ ಮನೆಗೆ ಬಂದರು. ಮನಸ್ಸು ನಿಲ್ಲದೆ ಊರಿಗೆ ಮರಳಿದರು. ದಾಪೋಲಿಯ ಮಿಶನ್ ಶಾಲೆಯಲ್ಲಿ ಓದಿದರು. ಬಡ ವಿದ್ಯಾರ್ಥಿಗಳಿಗೆ ಊಟವೂ ವಿದ್ಯೆಯೂ ದೊರೆಯುವುದೆಂದು ಕೇಳಿ ಔಂಧ ಸಂಸ್ಥಾನಕ್ಕೆ ಹೋದರು. ಅಲ್ಲಿ ಪ್ಲೇಗು ಬಂದುದರಿಂದ ಅಲ್ಲಿಂದಲೂ ಹೊರಡಬೇಕಾಯಿತು. ಮತ್ತೆ ಪುಣೆಗೆ ಬಂದು ನೂತನ ಮರಾಠಿ ವಿದ್ಯಾಲಯವನ್ನು ಸೇರಿದರು. 1917ರಲ್ಲಿ, ಅವರು ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ತಾಯಿ ತೀರಿಕೊಂಡರು. ಆ ಅಗಲಿಕೆಯ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1918ರಲ್ಲಿ ಶಾಲೆಯ ಅಭ್ಯಾಸವನ್ನು ಮುಗಿಸಿ, ಇಂದು ತಿಳಕ ರಸ್ತೆಯಲ್ಲಿ ಸರ್ ಪರಶುರಾಮಭಾವೂ ಕಾಲೇಜೆಂದು ಪ್ರಸಿದ್ಧವಾಗಿರುವ ಅಂದಿನ ನ್ಯೂ ಪೂನಾ ಕಾಲೇಜಿನಲ್ಲಿ ಓದಿ ಬಿ. ಎ. ಹಾಗೂ ಎಂ. ಎ. ಪದವಿಗಳನ್ನು ಪಡೆದರು. ನಾವು ದಿನನಿತ್ಯ ತಿರುಗಾಡುವ ಈ ಬೀದಿಗಳಲ್ಲಿಯೇ ಆ ಬಡ ವಿದ್ಯಾರ್ಥಿಯು ನಡೆದಾಡಿದ್ದನೆಂಬುದು ನಮಗೆ ಅಭಿಮಾನದ ಸಂಗತಿ.

ಮುಂದೆ ಅವರು ಖಾನದೇಶದ ಅಮಳನೇರಿಗೆ ಹೋಗಿ, 1924ರಲ್ಲಿ ಅಲ್ಲಿಯ ಪ್ರತಾಪ ಹೈಸ್ಕೂಲಿನಲ್ಲಿ ಶಿಕ್ಷಕರಾದರು. ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯೂ ಅವರ ಪಾಲಿಗೆ ಬಂದಿತು. ಮಕ್ಕಳಿಗಾಗಿ ‘ವಿದ್ಯಾರ್ಥಿ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಅವರು ‘ಗುರೂಜಿ’ ಎನಿಸಿಕೊಂಡದ್ದು ಈ ಆರು ವರ್ಷಗಳ ಶಿಕ್ಷಕ ವೃತ್ತಿಯಿಂದಲೇ. 1930ರಲ್ಲಿ ಮಹಾತ್ಮಾ ಗಾಂಧಿಯವರು ಉಪ್ಪಿನ ಸತ್ಯಾಗ್ರಹವನ್ನು ಆರಂಭಿಸಿದಾಗ ಗುರೂಜಿಯವರು ಕೆಲಸಕ್ಕೆ ರಾಜೀನಾಮೆಯಿತ್ತು ಚಳವಳಿಗೆ ಧುಮುಕಿದರು. ಅಂದಿನಿಂದ ಸೆರೆಮನೆಯೇ ಅವರ ಎರಡನೆಯ ಪಾಠಶಾಲೆಯಾಯಿತು.

ತಿರುಚಿರಾಪಳ್ಳಿಯ ಕಾರಾಗೃಹದಲ್ಲಿ ಅವರು ಬೇರೆ ಪ್ರಾಂತಗಳ ದೇಶಭಕ್ತರೊಡನೆ ಬೆರೆತು ತಮಿಳನ್ನೂ ಬಂಗಾಳಿಯನ್ನೂ ಕಲಿತರು. ತಿರುವಳ್ಳುವರರ ಕುರಳನ್ನು ಮರಾಠಿಗೆ ತಂದರು. ಒಂದು ನಾಡಿನವರು ಇನ್ನೊಂದು ನಾಡಿನ ಮಾತನ್ನು ಅರಿಯದೆ ಹೋದರೆ ದೇಶವು ಒಂದಾಗಲಾರದೆಂಬ ಭಾವನೆಯು ಅವರಲ್ಲಿ ಬೇರೂರಿತು. 1932ರಲ್ಲಿ ಅವರನ್ನು ಧುಳೆಯ ಸೆರೆಮನೆಯಲ್ಲಿ ಇರಿಸಿದ್ದರು. ಆಚಾರ್ಯ ವಿನೋಬಾ ಅವರೂ ಅಲ್ಲಿಯೇ ಇದ್ದರು. ಆ ವರ್ಷದ ಫೆಬ್ರವರಿ 21ರಿಂದ ಜೂನ್ 19ರವರೆಗೆ ಹದಿನೆಂಟು ಭಾನುವಾರಗಳಂದು ವಿನೋಬಾ ಅವರು ಸಹಬಂದಿಗಳಿಗೆ ಗೀತೆಯ ಹದಿನೆಂಟು ಅಧ್ಯಾಯಗಳ ಮೇಲೆ ಪ್ರವಚನ ಮಾಡಿದರು. ಅವುಗಳನ್ನು ಕೇಳಿಕೊಂಡಂತೆ ಬರೆದಿಟ್ಟವರು ಸಾನೆ ಗುರೂಜಿ. ದೇಶದ ಹಲವು ಭಾಷೆಗಳಲ್ಲಿ ಇಂದು ಓದಲ್ಪಡುವ ‘ಗೀತಾ ಪ್ರವಚನ’ವು ಉಳಿದು ಬಂದುದು ಅವರ ಲೇಖನಿಯಿಂದ. ಆದರೆ ಬರೆದ ಕೈ ತನ್ನದೆಂಬ ಕಾರಣದಿಂದ ಗುರೂಜಿಯವರು ಆ ಗ್ರಂಥವನ್ನು ತಮ್ಮದೆಂದು ಹೇಳಲಿಲ್ಲ. ಆಡಿದವರು ವಿನೋಬಾ, ಗ್ರಂಥವು ಅವರ ಹೆಸರಿನಲ್ಲಿಯೇ ನಡೆಯಿತು. ಪುಸ್ತಕದ ಒಡೆತನವನ್ನು ಕುರಿತು ನಾವು ಕಲಿಯಬೇಕಾದ ಮೊದಲ ಪಾಠವು ಇದರಲ್ಲಿದೆ: ವಿಚಾರ ಯಾರದೋ, ಕೃತಿಯು ಅವರದು.

ಅಲ್ಲಿಂದ ಅವರನ್ನು ನಾಸಿಕದ ಸೆರೆಮನೆಗೆ ಒಯ್ದರು. ಹಗಲೆಲ್ಲ ಸೆರೆಮನೆಯ ದುಡಿಮೆ. ಉಳಿದ ವೇಳೆಯಲ್ಲಿ ಬರವಣಿಗೆ. ಅಲ್ಲಿಯೇ 1933ನೆಯ ಇಸವಿ ಫೆಬ್ರವರಿ 9ನೆಯ ಗುರುವಾರ ಅವರು ತಮ್ಮ ತಾಯಿಯ ನೆನಪುಗಳನ್ನು ಬರೆಯಲು ತೊಡಗಿದರು. 13ನೆಯ ಸೋಮವಾರ ಬೆಳಗಿನ ಜಾವಕ್ಕೆ ಪುಸ್ತಕವು ಮುಗಿದಿತ್ತು. ಶ್ಯಾಮನೆಂಬುವನು ತನ್ನ ಗೆಳೆಯರಿಗೆ ರಾತ್ರಿಗೊಂದರಂತೆ ತಾಯಿಯ ಕಥೆಗಳನ್ನು ಹೇಳುವನೆಂಬುದು ಅದರ ಕಟ್ಟು. ಆ ಶ್ಯಾಮನು ಗುರೂಜಿಯವರೇ. ತಾಯಿ ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ ಐದೇ ದಿನಗಳಲ್ಲಿ ಹರಿದು ಬಂದ ಈ ಪುಸ್ತಕವು ಮರಾಠಿ ಮಕ್ಕಳ ಪಾಲಿಗೆ ಎಂದೂ ಬತ್ತದ ಬುಗ್ಗೆಯಾಯಿತು. 1935ರಲ್ಲಿ ಅದು ಬೆಳಕಿಗೆ ಬಂದಿತು. ಅದರ ಪ್ರಕಟಣೆಯ ಹಕ್ಕು ಸದಾಶಿವ ಪೇಠದ ಅನಾಥ ವಿದ್ಯಾರ್ಥಿ ಗೃಹಕ್ಕೆ ಸೇರಿತು. ಔಂಧಿನಲ್ಲಿ ಅನ್ನವನ್ನು ಅರಸುತ್ತ ಹೋಗಿದ್ದ ಹುಡುಗನ ಪುಸ್ತಕವು ಅನ್ನವನ್ನರಸಿ ಬರುವ ಹುಡುಗರ ಮನೆಯಿಂದ ಹೊರಬಿದ್ದುದು ಎಷ್ಟು ಯೋಗ್ಯವಾದ ಮಾತು!

ಇಲ್ಲಿ ನಾವು ಸ್ವಲ್ಪ ನಿಂತು ಗ್ರಂಥಸ್ವಾಮ್ಯವೆಂದರೇನು ಎಂಬುದನ್ನು ವಿಚಾರಿಸೋಣ. ರೈತನು ಬೆಳೆದ ಜೋಳವನ್ನು ಕದ್ದರೆ ಅವನ ಕಣಜವು ಬರಿದಾಗುತ್ತದೆ. ಲೇಖಕನು ಬರೆದ ಪುಸ್ತಕವನ್ನು ಇನ್ನೊಬ್ಬನು ಅಚ್ಚು ಹಾಕಿಸಿದರೆ ಲೇಖಕನ ಮನೆಯಲ್ಲಿರುವ ಹಸ್ತಪ್ರತಿಯು ಅಲ್ಲಿಯೇ ಇರುತ್ತದೆ. ಆದರೆ ಅವನ ದುಡಿಮೆಯ ಫಲವು ಅನ್ಯರ ಪಾಲಾಗುತ್ತದೆ. ಆದುದರಿಂದ, ಕೃತಿಯನ್ನು ಅಚ್ಚು ಹಾಕುವ, ಭಾಷಾಂತರಿಸುವ, ನಾಟಕವಾಗಿ ಆಡುವ ಹಕ್ಕು ಗೊತ್ತಾದ ಕಾಲದವರೆಗೆ ಅದನ್ನು ರಚಿಸಿದವನಿಗೋ ಅವನು ಯಾರಿಗೆ ಒಪ್ಪಿಸಿದನೋ ಅವರಿಗೋ ಮಾತ್ರ ಇರತಕ್ಕದ್ದೆಂದು ಕಾಯಿದೆಯು ವಿಧಿಸುತ್ತದೆ. ಆ ಕಾಲವು ಮುಗಿದ ಮೇಲೆ ಕೃತಿಯು ಊರ ಬಾವಿಯಂತೆ ಸಾರ್ವಜನಿಕವಾಗುತ್ತದೆ.

ಆದರೆ ಒಂದು ದೇಶದ ಕಾಯಿದೆಯು ಆ ದೇಶದ ಗಡಿಯವರೆಗೆ ಮಾತ್ರ ನಡೆಯುತ್ತದೆ, ಪುಸ್ತಕಕ್ಕಾದರೋ ಗಡಿಯಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ಅಚ್ಚಾದ ಪುಸ್ತಕವನ್ನು ಬೆಲ್ಜಿಯಮ್ಮಿನ ಮುದ್ರಕರು ಲೇಖಕನಿಗೆ ಬಿಡಿಕಾಸನ್ನೂ ಕೊಡದೆ ಅಗ್ಗವಾಗಿ ಅಚ್ಚು ಹಾಕುತ್ತಿದ್ದರು. ಇಂಗ್ಲೆಂಡಿನ ಪುಸ್ತಕಗಳಿಗೆ ಅಮೆರಿಕದಲ್ಲಿ ಅದೇ ಗತಿಯಾಗಿತ್ತು. ಇದನ್ನು ತಡೆಯಬೇಕೆಂದು 1878ರಲ್ಲಿ ಪ್ಯಾರಿಸಿನಲ್ಲಿ ನಾನಾ ದೇಶಗಳ ಸಾಹಿತಿಗಳು ಸಭೆ ಸೇರಿದರು. ಫ್ರೆಂಚ್ ಮಹಾಕವಿ ವಿಕ್ಟರ್ ಹ್ಯೂಗೋ ಅವರೇ ಅದರ ಅಧ್ಯಕ್ಷರು. ಲೇಖಕನ ಹಕ್ಕನ್ನು ಎತ್ತಿ ಹಿಡಿದಷ್ಟೇ ಬಲವಾಗಿ, ಕೃತಿಯು ಕೊನೆಗೆ ಸಮಾಜದ ಸೊತ್ತೆಂಬುದನ್ನೂ ಆ ಮಹನೀಯರು ಸಾರಿದರು. ಅವರು 1885ರಲ್ಲಿ ಕಾಲವಾದರು. ಮರುವರ್ಷ, 1886ರ ಸೆಪ್ಟೆಂಬರ್ 9ರಂದು, ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಹತ್ತು ರಾಷ್ಟ್ರಗಳು ಒಡಂಬಡಿಕೆಗೆ ಸಹಿ ಹಾಕಿದವು.

ಆ ಹತ್ತು ರಾಷ್ಟ್ರಗಳು ಇವು: ಬೆಲ್ಜಿಯಂ, ಫ್ರಾನ್ಸ್, ಜರ್ಮನಿ, ಬ್ರಿಟನ್, ಹೈಟಿ, ಇಟಲಿ, ಲೈಬೀರಿಯಾ, ಸ್ಪೇನ್, ಸ್ವಿಟ್ಜರ್‌ಲೆಂಡ್ ಮತ್ತು ಟ್ಯುನಿಷಿಯಾ. ಒಡಂಬಡಿಕೆಯ ತಿರುಳು ಸರಳವಾದುದು. ಕೂಟದಲ್ಲಿ ಸೇರಿದ ಪ್ರತಿಯೊಂದು ರಾಷ್ಟ್ರವೂ ಇತರ ಸದಸ್ಯ ರಾಷ್ಟ್ರಗಳ ಲೇಖಕರನ್ನು ತನ್ನ ಸ್ವಂತ ಲೇಖಕರಂತೆಯೇ ಕಾಣಬೇಕು. ನೆರೆಮನೆಯ ಮಗುವಿಗೂ ನಮ್ಮ ಮನೆಯ ಮಗುವಿಗೂ ಒಂದೇ ಪಂಕ್ತಿಯಲ್ಲಿ ಬಡಿಸಿದಂತೆ ಇದು. 1908ರಲ್ಲಿ ಬರ್ಲಿನ್ನಿನಲ್ಲಿ ಅದನ್ನು ತಿದ್ದಿದಾಗ, ಹಕ್ಕು ದೊರೆಯಲು ನೋಂದಣಿ ಮುಂತಾದ ಯಾವ ವಿಧಿಯೂ ಬೇಡವೆಂದು ನಿಶ್ಚಯಿಸಿದರು. ಬರೆದ ಕ್ಷಣದಿಂದಲೇ ಹಕ್ಕು. 1928ರಲ್ಲಿ ರೋಮಿನಲ್ಲಿ ಸೇರಿದಾಗ, ಹಣದ ಹಕ್ಕನ್ನು ಮಾರಿಕೊಂಡ ಲೇಖಕನಿಗೂ ಕೃತಿಯ ಮೇಲೆ ತನ್ನ ಹೆಸರನ್ನು ಉಳಿಸಿಕೊಳ್ಳುವ ಹಕ್ಕಿದೆಯೆಂಬುದನ್ನು ಸೇರಿಸಿದರು. ಲೇಖಕನ ಜೀವಿತಕಾಲವೂ ಅವನ ಮರಣಾನಂತರ ಕಡಿಮೆಯೆಂದರೆ 50 ವರ್ಷಗಳೂ ಹಕ್ಕು ಇರತಕ್ಕದ್ದೆಂಬುದನ್ನು 1948ರಲ್ಲಿ ಬ್ರಸೆಲ್ಸಿನಲ್ಲಿ ಕಡ್ಡಾಯ ಮಾಡಿದರು.

ನಮ್ಮ ದೇಶವು ಆಗ ಬ್ರಿಟಿಷರ ಅಧೀನದಲ್ಲಿದ್ದುದರಿಂದ, 1887ರ ಡಿಸೆಂಬರ್ 5ರಂದು ಒಡಂಬಡಿಕೆಯು ಜಾರಿಗೆ ಬಂದಾಗಲೇ ಅದರ ವ್ಯಾಪ್ತಿಗೆ ಒಳಗಾಯಿತು. 1928ರ ಏಪ್ರಿಲ್ 1ರಿಂದ ಭಾರತವು ತನ್ನ ಹೆಸರಿನಲ್ಲಿಯೇ ಸದಸ್ಯರಾಷ್ಟ್ರವಾಯಿತು. ಈ ಕಾರಣದಿಂದ, ನಾಸಿಕದ ಸೆರೆಮನೆಯಲ್ಲಿ ಒಬ್ಬ ಸತ್ಯಾಗ್ರಹಿಯು ಬರೆದ ಮರಾಠಿ ಪುಸ್ತಕಕ್ಕೂ ಪ್ಯಾರಿಸಿನಲ್ಲಿ, ಬರ್ಲಿನ್ನಿನಲ್ಲಿ, ಟೋಕಿಯೋದಲ್ಲಿ ಅಲ್ಲಿಯ ಲೇಖಕರ ಪುಸ್ತಕಗಳಿಗೆ ಸಮನಾದ ರಕ್ಷಣೆಯಿದ್ದಿತು. ಜಪಾನು 1899ರಲ್ಲಿಯೇ ಕೂಟವನ್ನು ಸೇರಿತ್ತು. ತನ್ನನ್ನು ಆಳುವವರು ಸೆರೆಯಲ್ಲಿಟ್ಟಿದ್ದರೂ ಲೇಖನಿಯ ಹಕ್ಕಿನಲ್ಲಿ ಆ ಬಂದಿಯು ಆಳುವವರಿಗೆ ಸರಿಸಮಾನನಾಗಿದ್ದನೆಂಬುದು ಯೋಚಿಸತಕ್ಕ ವಿಷಯ.

ಎಲ್ಲ ರಾಷ್ಟ್ರಗಳೂ ಬರ್ನ್ ಕೂಟಕ್ಕೆ ಬಂದಿರಲಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನವು ಪ್ರತ್ಯೇಕ ಒಪ್ಪಂದಗಳನ್ನೇ ನೆಚ್ಚಿಕೊಂಡು, ನೋಂದಣಿ ಮೊದಲಾದ ವಿಧಿಗಳನ್ನು ಉಳಿಸಿಕೊಂಡು ಬಹುಕಾಲ ಹೊರಗೇ ನಿಂತಿತ್ತು. ಅಂಥ ರಾಷ್ಟ್ರಗಳನ್ನೂ ಕೂಡಿಸುವುದಕ್ಕಾಗಿ 1952ರಲ್ಲಿ ಜಿನೀವಾದಲ್ಲಿ ವಿಶ್ವ ಗ್ರಂಥಸ್ವಾಮ್ಯ ಒಡಂಬಡಿಕೆಯೆಂಬ ಎರಡನೆಯ ಕೂಟವು ಹುಟ್ಟಿತು. ಪುಸ್ತಕದ ಹಿಂಬದಿಯ ಪುಟದಲ್ಲಿ ವರ್ತುಲದೊಳಗೆ ಇಂಗ್ಲಿಷಿನ ಸಿ ಅಕ್ಷರವನ್ನೂ, ಹಕ್ಕುದಾರನ ಹೆಸರನ್ನೂ, ಇಸವಿಯನ್ನೂ ಅಚ್ಚು ಹಾಕಿದರೆ ಸಾಕು. ಬೇರೆ ವಿಧಿಗಳು ಬೇಡವೆಂದು ಅದು ಗೊತ್ತುಮಾಡಿತು. ಆ ಚಿಹ್ನೆಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಭಾರತವು ಈ ಕೂಟದಲ್ಲಿಯೂ ಸೇರಿತು. 1957ರಲ್ಲಿ ಸ್ವತಂತ್ರ ಭಾರತದ ಸಂಸತ್ತು ಮಾಡಿದ ಗ್ರಂಥಸ್ವಾಮ್ಯ ಕಾಯಿದೆಯು ಜಾರಿಗೆ ಬಂದುದೂ, ಜಿನೀವಾ ಒಡಂಬಡಿಕೆಯು ನಮ್ಮ ದೇಶಕ್ಕೆ ಅನ್ವಯಿಸತೊಡಗಿದುದೂ ಒಂದೇ ದಿನ. ಅದು 1958ರ ಜನವರಿ 21.

ಕಾಲಕ್ರಮದಲ್ಲಿ ಬರ್ನ್ ಕೂಟವು ಬೆಳೆಯಿತು. ನಮ್ಮ ನೆರೆಹೊರೆಯಲ್ಲಿ ಪಾಕಿಸ್ತಾನವು 1948ರಲ್ಲಿ, ಶ್ರೀಲಂಕೆಯು 1959ರಲ್ಲಿ, ಬಾಂಗ್ಲಾದೇಶವು 1999ರಲ್ಲಿ, ಭೂತಾನವು 2004ರಲ್ಲಿ, ನೇಪಾಳವು 2006ರಲ್ಲಿ ಸೇರಿದವು. ಅಫಘಾನಿಸ್ತಾನವು 2018ರಲ್ಲಿ ಸೇರಿತು. ಅಮೆರಿಕವು 1989ರಲ್ಲಿಯೂ, ಚೀನವು 1992ರಲ್ಲಿಯೂ, ರಷ್ಯವು 1995ರಲ್ಲಿಯೂ ಒಳಗೆ ಬಂದವು. ಹತ್ತು ರಾಷ್ಟ್ರಗಳಿಂದ ಮೊದಲಾದ ಕೂಟದಲ್ಲಿ ಇಂದು 180ಕ್ಕೂ ಹೆಚ್ಚು ರಾಷ್ಟ್ರಗಳಿವೆ. ಯಾವ ಯಾವ ದೇಶಗಳ ಕೃತಿಗಳಿಗೆ ಭಾರತದಲ್ಲಿ ರಕ್ಷಣೆಯುಂಟೆಂಬುದನ್ನು ನಮ್ಮ ಕೇಂದ್ರ ಸರಕಾರವು 1999ರ ಅಂತರರಾಷ್ಟ್ರೀಯ ಗ್ರಂಥಸ್ವಾಮ್ಯ ಆಜ್ಞೆಯಲ್ಲಿ ದೇಶಗಳ ಪಟ್ಟಿ ಸಹಿತವಾಗಿ ಪ್ರಕಟಿಸಿತು.

ಈಗ ಗುರೂಜಿಯವರ ಜೀವನಕ್ಕೆ ಮರಳೋಣ. ಸ್ವಾತಂತ್ರ್ಯವು ಸಮೀಪಿಸುತ್ತಿದ್ದಾಗ ಅವರ ಮನಸ್ಸನ್ನು ಒಂದು ವೇದನೆಯು ಕೊರೆಯುತ್ತಿದ್ದಿತು. ಪಂಢರಪುರದ ವಿಠ್ಠಲನ ಗುಡಿಯ ಬಾಗಿಲು ಅಸ್ಪೃಶ್ಯರೆನಿಸಿಕೊಂಡವರಿಗೆ ಮುಚ್ಚಿದ್ದಿತು. ವಿಠ್ಠಲನು ನಮ್ಮ ದಾಸರ ಪದಗಳಲ್ಲಿಯೂ ನೆಲೆಸಿರುವ ದೇವರು. ಕನ್ನಡಿಗರೂ ಮರಾಠಿಗರೂ ಕೂಡಿ ಭಜಿಸುವ ದೇವರು. ಅಂಥ ದೇವರ ಬಳಿಗೆ ಕೆಲವರು ಹೋಗಬಹುದು, ಕೆಲವರು ಹೋಗಕೂಡದು ಎಂಬುದನ್ನು ಗುರೂಜಿಯವರು ಸಹಿಸಲಾರದೆ ಹೋದರು. ಮಹಾರಾಷ್ಟ್ರದಲ್ಲೆಲ್ಲ ಸಂಚರಿಸಿ ಜನರ ಮನಸ್ಸನ್ನು ತಿರುಗಿಸಿದರು. 1947ರ ಮೇ 1ರಂದು ಪಂಢರಪುರದಲ್ಲಿ ಉಪವಾಸಕ್ಕೆ ಕುಳಿತರು. ಹತ್ತನೆಯ ತಾರೀಖಿಗೆ ಉಪವಾಸವು ಮುಗಿಯಿತು. ಗುಡಿಯ ಬಾಗಿಲು ಎಲ್ಲರಿಗೂ ತೆರೆಯುವಂತಾಯಿತು. ಮರುವರ್ಷ ಆಗಸ್ಟ್ 15ರಂದು ಅವರು ‘ಸಾಧನಾ’ ವಾರಪತ್ರಿಕೆಯನ್ನು ಪ್ರಾರಂಭಿಸಿದರು.

ಅವರ ಕೊನೆಯ ಕನಸು ‘ಆಂತರಭಾರತಿ’. ಭಾರತದ ಒಂದೊಂದು ಭಾಷೆಯವರೂ ಮತ್ತೊಂದು ಭಾಷೆಯನ್ನು ಕಲಿಯಬೇಕು, ಒಂದರ ಉತ್ತಮ ಗ್ರಂಥಗಳು ಇನ್ನೊಂದಕ್ಕೆ ಬರಬೇಕು, ಅದಕ್ಕೆಂದೇ ಒಂದು ಸಂಸ್ಥೆಯಿರಬೇಕೆಂದು ಅವರು ಹಂಬಲಿಸಿದರು. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುತ್ತ ಬೆಳೆಯುವ ನಮ್ಮ ಶಾಲೆಯ ಮಕ್ಕಳಿಗೆ ಈ ಕನಸನ್ನು ವಿವರಿಸಬೇಕಾಗಿಲ್ಲ. ಅವರು ದಿನನಿತ್ಯ ಬಾಳುತ್ತಿರುವುದು ಅದನ್ನೇ.

ಭಾಷಾಂತರದ ಮಾತು ಬಂದಾಗ ಒಡಂಬಡಿಕೆಗಳಲ್ಲಿ ಒಂದು ದೊಡ್ಡ ಪ್ರಶ್ನೆಯು ಏಳುತ್ತದೆ. ತಿರುವಳ್ಳುವರರು ಎಷ್ಟೋ ಶತಮಾನಗಳ ಹಿಂದಿನವರು. ಕುರಳನ್ನು ಮರಾಠಿಗೆ ತರಲು ಗುರೂಜಿಯವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಕ್ಕು ಇನ್ನೂ ಉಳಿದಿರುವ ಕೃತಿಯ ಮಾತು ಬೇರೆ. 1886ರ ಬರ್ನ್ ಒಡಂಬಡಿಕೆಯು ಭಾಷಾಂತರದ ಹಕ್ಕನ್ನು ಲೇಖಕನಿಗೆ ಹತ್ತು ವರ್ಷಗಳವರೆಗೆ ಮಾತ್ರ ಕೊಟ್ಟಿತ್ತು. 1908ರಲ್ಲಿ ಅದನ್ನು ಪೂರ್ಣಾವಧಿಗೆ ವಿಸ್ತರಿಸಿದರು. ನಮ್ಮ ದೇಶದ 1914ರ ಕಾಯಿದೆಯಾದರೋ, ಇಲ್ಲಿಯೇ ಮೊದಲು ಅಚ್ಚಾದ ಪುಸ್ತಕಗಳ ಮಟ್ಟಿಗೆ ಹತ್ತು ವರ್ಷದ ಮಿತಿಯನ್ನೇ ಇರಿಸಿಕೊಂಡಿತು. ಆ ಅವಧಿಯೊಳಗೆ ಲೇಖಕನು ಯಾವ ಭಾಷೆಗೆ ತನ್ನ ಪುಸ್ತಕವನ್ನು ತಂದಿಲ್ಲವೋ ಆ ಭಾಷೆಯವರು ಆ ಮೇಲೆ ತಾವಾಗಿಯೇ ಭಾಷಾಂತರಿಸಬಹುದಿತ್ತು. ಹಲವು ಭಾಷೆಗಳ ಈ ದೇಶದಲ್ಲಿ ಒಂದು ಭಾಷೆಯ ಬೆಳಕು ಇನ್ನೊಂದಕ್ಕೆ ಹರಿಯಲು ಆ ನಿಯಮವು ಎಡೆ ಕೊಟ್ಟಿತ್ತು.

1957ರ ಕಾಯಿದೆಯಲ್ಲಿ ಆ ಮಿತಿಯು ಹೋಯಿತು. ಆದರೆ ಬಡ ದೇಶಗಳ ವಿದ್ಯಾರ್ಥಿಗಳಿಗೆ ಪುಸ್ತಕಗಳು ದೊರೆಯಬೇಕೆಂಬ ಪ್ರಶ್ನೆಯು ಹೋಗಲಿಲ್ಲ. 1967ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ರಾಷ್ಟ್ರಗಳು ಸೇರಿದಾಗ, ಹೊಸದಾಗಿ ಸ್ವತಂತ್ರವಾದ ದೇಶಗಳ ಪರವಾಗಿ ಭಾರತವು ಮುಂದೆ ನಿಂತು ವಾದಿಸಿತು. ಅಲ್ಲಿ ಮಾಡಿದ ಏರ್ಪಾಟನ್ನು ಪುಸ್ತಕೋದ್ಯಮದಲ್ಲಿ ಮುಂದಾಗಿದ್ದ ದೇಶಗಳು ಒಪ್ಪಲಿಲ್ಲ. ಕೊನೆಗೆ 1971ರಲ್ಲಿ ಪ್ಯಾರಿಸಿನಲ್ಲಿ ಎರಡು ಒಡಂಬಡಿಕೆಗಳನ್ನೂ ತಿದ್ದಿ ಒಂದು ಮಧ್ಯಮಾರ್ಗವನ್ನು ಕಂಡುಕೊಂಡರು. ಅದರಂತೆ, ವಿದೇಶೀ ಗ್ರಂಥವೊಂದು ಪ್ರಕಟವಾಗಿ ಗೊತ್ತಾದ ಕಾಲ ಕಳೆದರೂ ನಮ್ಮ ಭಾಷೆಗೆ ಬರದಿದ್ದರೆ, ಬೋಧನೆ ಮತ್ತು ಸಂಶೋಧನೆಗಳಿಗಾಗಿ ಅದನ್ನು ಭಾಷಾಂತರಿಸಲು, ಲೇಖಕನಿಗೆ ನ್ಯಾಯವಾದ ಸಂಭಾವನೆ ಸಲ್ಲುವಂತೆ ಮಾಡಿ, ಅಧಿಕಾರಿಗಳಿಂದ ಪರವಾನಿಗೆ ಪಡೆಯಬಹುದು. ಆ ಕಾಲವು ಸಾಮಾನ್ಯವಾಗಿ ಮೂರು ವರ್ಷ. ಮುಂದುವರಿದ ದೇಶಗಳಲ್ಲಿ ಬಳಕೆಯಲ್ಲಿಲ್ಲದ ಭಾಷೆಗಳಿಗೆ ಒಂದೇ ವರ್ಷ. ಕನ್ನಡ, ಮರಾಠಿಗಳಂಥ ಭಾಷೆಗಳಿಗೆ ಇದರಿಂದ ಬಾಗಿಲು ತೆರೆದಂತಾಯಿತು.

ಇದೇ ಬಗೆಯ ಇನ್ನೊಂದು ಬಾಗಿಲು ಕಣ್ಣು ಕಾಣದವರಿಗಾಗಿ ತೆರೆಯಿತು. ಬ್ರೇಲ್ ಲಿಪಿಯಲ್ಲಿಯೂ ಧ್ವನಿರೂಪದಲ್ಲಿಯೂ ಪುಸ್ತಕಗಳನ್ನು ಸಿದ್ಧಪಡಿಸಿ ಗಡಿಯಾಚೆಗೂ ಕಳುಹಿಸಲು ಎಡೆಮಾಡುವ ಒಡಂಬಡಿಕೆಯೊಂದನ್ನು 2013ರಲ್ಲಿ ಮೊರಾಕ್ಕೋ ದೇಶದ ಮರಾಕೇಶ್ ನಗರದಲ್ಲಿ ಮಾಡಿಕೊಂಡರು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ರಾಷ್ಟ್ರವು ಭಾರತವೆಂಬುದನ್ನು ನಾವು ಹೆಮ್ಮೆಯಿಂದ ನೆನೆಯಬಹುದು. ಗುಡಿಯ ಬಾಗಿಲು ಎಲ್ಲರಿಗೂ ತೆರೆಯಬೇಕೆಂದು ಉಪವಾಸ ಮಾಡಿದ ಗುರೂಜಿಯವರು ಬದುಕಿದ್ದರೆ ಇದನ್ನು ಕಂಡು ಎಷ್ಟು ಸಂತೋಷಪಡುತ್ತಿದ್ದರು!

1950ರ ಜೂನ್ 11ರಂದು ಸಾನೆ ಗುರೂಜಿಯವರು ಈ ಲೋಕವನ್ನು ಬಿಟ್ಟು ಹೋದರು. ಅವರಿಗೆ ಆಗ ಐವತ್ತು ವರ್ಷ. ಗಾಂಧೀಜಿಯವರ ಹತ್ಯೆಯಿಂದ ನೊಂದಿದ್ದ ಆ ಕೋಮಲ ಹೃದಯವು ಮತ್ತೆ ನೆಮ್ಮದಿಯನ್ನು ಕಾಣಲಿಲ್ಲ. ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ನಾಡಿನ ಮಕ್ಕಳೆಲ್ಲರೂ ಅವರ ಮಕ್ಕಳಾಗಿದ್ದರು. 1953ರಲ್ಲಿ ಆಚಾರ್ಯ ಅತ್ರೆಯವರು ‘ಶ್ಯಾಮಚೀ ಆಯೀ’ಯನ್ನು ಚಲನಚಿತ್ರವಾಗಿ ತೆಗೆದರು. ರಾಷ್ಟ್ರಪತಿಗಳ ಸುವರ್ಣ ಪದಕವನ್ನು 1954ರಲ್ಲಿ ಮೊಟ್ಟಮೊದಲಿಗೆ ಪಡೆದ ಕಥಾಚಿತ್ರ ಅದೇ.

ಇನ್ನು ಮೊದಲಿನ ಪ್ರಶ್ನೆಗೆ ಉತ್ತರ ಹೇಳೋಣ. 1957ರ ಕಾಯಿದೆಯು ಲೇಖಕನ ಮರಣಾನಂತರ 50 ವರ್ಷಗಳವರೆಗೆ ಹಕ್ಕನ್ನು ಕೊಟ್ಟಿತ್ತು. 1941ರಲ್ಲಿ ತೀರಿಕೊಂಡ ಕವಿ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವಂತಿದ್ದಾಗ, ಸರಕಾರವು ಕಾಯಿದೆಯನ್ನು ತಿದ್ದಿ ಅವಧಿಯನ್ನು 60 ವರ್ಷಗಳಿಗೆ ಏರಿಸಿತು. ಲೇಖಕನು ತೀರಿಕೊಂಡ ವರ್ಷದ ಮುಂದಿನ ಜನವರಿ 1ರಿಂದ ಎಣಿಕೆಯು ಆರಂಭವಾಗುತ್ತದೆ. ಗುರೂಜಿಯವರ ವಿಷಯದಲ್ಲಿ 1951ರಿಂದ ಎಣಿಸಿದರೆ 2010ರ ಡಿಸೆಂಬರ್ 31ಕ್ಕೆ 60 ವರ್ಷಗಳು ತುಂಬಿದವು. ಆದುದರಿಂದ 2011ರ ಮೊದಲ ದಿನ ಅವರ ಕೃತಿಗಳು ಎಲ್ಲರ ಸೊತ್ತಾದವು. ಐರೋಪ್ಯ ಒಕ್ಕೂಟದ ರಾಷ್ಟ್ರಗಳಲ್ಲಿ ಈ ಅವಧಿಯು 70 ವರ್ಷ. ಆದರೆ ಬರ್ನ್ ಒಡಂಬಡಿಕೆಯಂತೆ, ಒಂದು ದೇಶವು ಬೇರೆ ವಿಧಿಯನ್ನು ಮಾಡಿಕೊಳ್ಳದಿದ್ದರೆ, ಹುಟ್ಟಿದ ದೇಶದಲ್ಲಿ ಇರುವುದಕ್ಕಿಂತ ಹೆಚ್ಚು ಕಾಲ ಕೃತಿಯನ್ನು ರಕ್ಷಿಸಬೇಕಾಗಿಲ್ಲ.

ಈ ಲೆಕ್ಕವನ್ನು ನಮ್ಮ ಕನ್ನಡ ಕವಿಗಳಿಗೂ ಹಾಕಿ ನೋಡಬಹುದು. ಮಕ್ಕಳ ಅಚ್ಚುಮೆಚ್ಚಿನ ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು. ಆಗಿನ 50 ವರ್ಷದ ಲೆಕ್ಕದಂತೆ ಅವರ ಕೃತಿಗಳು 1987ರ ಕೊನೆಗೆ ಮುಕ್ತವಾದವು. 1946ರಲ್ಲಿ ಕಾಲವಾದ ಬಿ. ಎಂ. ಶ್ರೀಕಂಠಯ್ಯನವರ ಕೃತಿಗಳು 2006ರ ಕೊನೆಗೆ ಮುಕ್ತವಾದವು. ನಮ್ಮ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದ ವರಕವಿ ಬೇಂದ್ರೆಯವರು ತೀರಿಕೊಂಡುದು 1981ರಲ್ಲಿ. ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಉಳಿಯುತ್ತದೆ. 1994ರಲ್ಲಿ ಅಗಲಿದ ಕುವೆಂಪು ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇದೆ. ಇದು ಇಂದಿನ ಕಾಯಿದೆಯಂತೆ ಮಾಡಿದ ಲೆಕ್ಕ.

ಪ್ರಿಯ ವಿದ್ಯಾರ್ಥಿಗಳೇ, ಗುರೂಜಿಯವರ ತಾಯಿ ಹೇಳಿದ ಮೊಗ್ಗಿನ ಮಾತನ್ನು ಈಗ ನೆನೆಯಿರಿ. ಹಕ್ಕಿನ ಕಾಲವು ಮುಗಿಯುವ ಮೊದಲೇ, ಕೇಳದೆ, ಹೆಸರು ಹೇಳದೆ ಮತ್ತೊಬ್ಬರ ಕೃತಿಯನ್ನು ಬಳಸಿಕೊಳ್ಳುವುದು ಮೊಗ್ಗನ್ನು ಕಿತ್ತಂತೆ. ಹಾಗೆಂದು ಹೂವು ಅರಳಿದ ಮೇಲೂ ಬೇಲಿ ಹಾಕಿ ಯಾರಿಗೂ ಸುವಾಸನೆ ಸಿಗದಂತೆ ಮಾಡುವುದೂ ಸಲ್ಲದು. ಜಗತ್ತಿನ ರಾಷ್ಟ್ರಗಳು ನೂರಕ್ಕೂ ಹೆಚ್ಚು ವರ್ಷಗಳಿಂದ ಸಭೆ ಸೇರಿ, ವಾದಿಸಿ, ತಿದ್ದಿ, ಮತ್ತೆ ತಿದ್ದಿ ಅರಸುತ್ತಿರುವುದು ಇವೆರಡರ ನಡುವಿನ ನ್ಯಾಯವನ್ನೇ.

ನಮ್ಮ ವಾರ್ಷಿಕ ಸಂಚಿಕೆಗೆ ಮರಾಠಿಯಿಂದ ಒಂದು ಕಥೆಯನ್ನು ಕನ್ನಡಿಸಿ ಕೊಡಬೇಕೆಂದು ನಿಮ್ಮಲ್ಲಿ ಯಾರಿಗಾದರೂ ಮನಸ್ಸಾದರೆ ಬಹಳ ಸಂತೋಷ. ಮೊದಲು ಆ ಪುಸ್ತಕದ ಹಿಂಬದಿಯ ಪುಟವನ್ನು ತೆರೆದು ನೋಡಿರಿ. ಹಕ್ಕು ಇನ್ನೂ ಇದ್ದರೆ ಹಕ್ಕುದಾರರಿಗೊಂದು ವಿನಯದ ಪತ್ರವನ್ನು ಬರೆದು ಅಪ್ಪಣೆ ಬೇಡಿರಿ. ಹಕ್ಕು ಮುಗಿದಿದ್ದರೂ ಮೂಲ ಲೇಖಕರ ಹೆಸರನ್ನು ಮೇಲೆ ಬರೆದು, ನಿಮ್ಮ ಹೆಸರನ್ನು ಕೆಳಗೆ ಬರೆಯಿರಿ. ಧುಳೆಯ ಸೆರೆಮನೆಯಲ್ಲಿ ವಿನೋಬಾ ಅವರ ಮಾತುಗಳನ್ನು ಬರೆದುಕೊಂಡ ಗುರೂಜಿಯವರು ಮಾಡಿದ್ದು ಅದನ್ನೇ. ‘ಶ್ಯಾಮಚೀ ಆಯೀ’ಯ ಒಂದು ರಾತ್ರಿಯ ಕಥೆಯಿಂದಲೇ ಮೊದಲುಮಾಡಬಹುದು. ಅದೀಗ ನಿಮ್ಮದೂ ಹೌದು, ನಮ್ಮದೂ ಹೌದು.